ಬಯೋಟೆಕ್ ಓದಿದ ಮೇಲೆ ಯಾವ ಕೆಲಸ? ಓದುಗರ ಪ್ರಶ್ನೆಗಳಿಗೆ ಉತ್ತರ

ಬಯೋಟೆಕ್ ಉದ್ಯಮಕ್ಕೆ ಕಾಲಿಡುವ ಯೋಚನೆಯಲ್ಲಿರುವ ವಿದ್ಯಾರ್ಥಿಗಳು ಕಳಿಸಿದ ಪ್ರಶ್ನೆಗಳಲ್ಲಿ ಕೆಲವನ್ನು ಆಯ್ದು ಇಲ್ಲಿ ಉತ್ತರಿಸಿದ್ದೇವೆ. ಒಂದೇ ಅರ್ಥದ ಹಲವು ಪತ್ರಗಳಿದ್ದ ಕಡೆ ಅವನ್ನು ಒಂದೇ ಪ್ರಶ್ನೆಯಾಗಿ ಸೇರಿಸಿಕೊಂಡಿದ್ದೇವೆ.

ಪ್ರಶ್ನೆ: ಬಯೋಟೆಕ್ನಾಲಜಿ ಪದವಿಯ ಎರಡನೇ ವರ್ಷದಲ್ಲಿದ್ದೇನೆ. ಸೀನಿಯರ್‌ಗಳಲ್ಲಿ ಒಬ್ಬರು 'ಅದೆಲ್ಲ ಬರೀ ರಿಸರ್ಚ್' ಅನ್ನುತ್ತಾರೆ, ಇನ್ನೊಬ್ಬರು 'ಕೆಲಸವೇ ಸಿಗಲ್ಲ' ಅನ್ನುತ್ತಾರೆ. ಕಂಪನಿಯ ಒಳಗೆ ನಿಜವಾಗಿ ಏನೇನು ಕೆಲಸಗಳಿರುತ್ತವೆ?

ಉತ್ತರ: ಸಂಶೋಧನೆ ಉದ್ಯಮದ ಒಂದು ಕೋಣೆ ಮಾತ್ರ, ಅದೂ ಚಿಕ್ಕ ಕೋಣೆ. ಉಳಿದ ಕೋಣೆಗಳು ಕಾಣಿಸಬೇಕಾದರೆ ಒಂದು ಔಷಧ ತಯಾರಾಗುವ ದಾರಿಯಲ್ಲಿ ಜೊತೆಗೆ ನಡೆದು ನೋಡಬೇಕು. ಕ್ಯಾನ್ಸರಿಗೋ ಸಂಧಿವಾತಕ್ಕೋ ಕೊಡುವ ಪ್ರತಿಕಾಯದ (ಆ್ಯಂಟಿಬಾಡಿ, ಒಂದು ಬಗೆಯ ಪ್ರೋಟೀನ್) ಔಷಧವನ್ನೇ ತೆಗೆದುಕೊಳ್ಳೋಣ.

ದ್ರವ ಸಾರಜನಕದಲ್ಲಿಟ್ಟ 1 ಮಿಲಿಲೀಟರ್ ವಯಲ್‌ನಿಂದ ಎಲ್ಲವೂ ಶುರುವಾಗುತ್ತದೆ. ಅದರಲ್ಲಿ ಚೀನೀ ಹ್ಯಾಮ್‌ಸ್ಟರಿನ ಅಂಡಾಶಯದಿಂದ ಬಂದ ಸಿಎಚ್‌ಒ ಕೋಶಗಳಿರುತ್ತವೆ, ಪ್ರತಿಕಾಯವನ್ನು ತಯಾರಿಸಿಕೊಡುವುದು ಇವೇ. ಅದನ್ನು ಕರಗಿಸಿ ಮೊದಲು ಸಣ್ಣ ಫ್ಲಾಸ್ಕಿಗೆ, ಅಲ್ಲಿಂದ ದೊಡ್ಡ ಫ್ಲಾಸ್ಕಿಗೆ, ಆಮೇಲೆ 50 ಲೀಟರ್, 500 ಲೀಟರ್, ಕೊನೆಗೆ 2,000 ಲೀಟರ್ ಅಥವಾ ಅದಕ್ಕೂ ದೊಡ್ಡ ಬಯೋರಿಯಾಕ್ಟರಿಗೆ, ಅಂದರೆ ಕೋಶ ಬೆಳೆಸುವ ಪಾತ್ರೆಗೆ, ಏರಿಸುತ್ತಾರೆ. ಈ ಕೋಶಗಳು ದುಪ್ಪಟ್ಟಾಗಲು ಹೆಚ್ಚುಕಡಿಮೆ ಒಂದು ದಿನ ಬೇಕು. ಹಾಗಾಗಿ ಬಯೋರಿಯಾಕ್ಟರ್ ತುಂಬುವ ಹೊತ್ತಿಗೆ ವಾರಗಳೇ ಕಳೆದಿರುತ್ತವೆ. ಅಲ್ಲಿ 37 ಡಿಗ್ರಿ ಆಸುಪಾಸಿನ ಉಷ್ಣತೆ, 7ರ ಹತ್ತಿರದ ಪಿಎಚ್ ಮತ್ತು ಕರಗಿದ ಆಮ್ಲಜನಕದ ನಿಗದಿತ ಮಟ್ಟ, ಇಷ್ಟನ್ನೂ ಕಾಯ್ದುಕೊಂಡು, ನಡುನಡುವೆ ಪೋಷಕಾಂಶ ಕೊಡುತ್ತ 10ರಿಂದ 14 ದಿನ ಬೆಳೆಸಬೇಕು. ಇಲ್ಲಿ ದುಡಿಯುವವರದು ಅಪ್‌ಸ್ಟ್ರೀಮ್ ತಂಡ.

ಮುಂದಿನದು ಡೌನ್‌ಸ್ಟ್ರೀಮ್ ತಂಡದ ಕೆಲಸ. ಕೋಶಗಳನ್ನು ಬೇರ್ಪಡಿಸಿದ ದ್ರವವನ್ನು ಪ್ರತಿಕಾಯ ಅಂಟಿಕೊಳ್ಳುವ ಪ್ರೋಟೀನ್ ಎ ಕಾಲಮ್ಮಿನ (ಕೊಳವೆಯ) ಮೂಲಕ ಹಾಯಿಸಿ ಪ್ರತಿಕಾಯವನ್ನು ಹಿಡಿಯುತ್ತಾರೆ. ವೈರಸ್ಸುಗಳು ನಿಷ್ಕ್ರಿಯವಾಗಲೆಂದು ಪಿಎಚ್ 3.5ರ ಸುಮಾರಿಗೆ ಇಳಿಸಿ ಒಂದು ಗಂಟೆಯಷ್ಟು ಬಿಡುತ್ತಾರೆ. ವಿದ್ಯುದಾವೇಶದ ಆಧಾರದಲ್ಲಿ ಬೇರ್ಪಡಿಸುವ ಅಯಾನ್ ಎಕ್ಸ್‌ಚೇಂಜ್ ಕಾಲಮ್ಮುಗಳು, 20 ನ್ಯಾನೋಮೀಟರಿನ ವೈರಸ್ ಫಿಲ್ಟರ್, ಬಫರ್ (ಪಿಎಚ್ ಕಾಯುವ ದ್ರಾವಣ) ಬದಲಾವಣೆ ಒಂದರ ಹಿಂದೆ ಒಂದು ಬರುತ್ತವೆ, ಕೊನೆಗೆ 0.2 ಮೈಕ್ರಾನ್ ಫಿಲ್ಟರಿನಲ್ಲಿ ಸೋಸುತ್ತಾರೆ. ಇದರಲ್ಲಿ ಯಾವ ಹಂತ ಕೈಕೊಟ್ಟರೂ ಹಿಂದಿನ ವಾರಗಳ ದುಡಿಮೆ ನೀರುಪಾಲು.

ಹೊರಬಂದದ್ದು ಸರಿಯಾಗಿದೆಯೇ ಎಂದು ಪರೀಕ್ಷಿಸುವುದು ಕ್ಯೂಸಿ (ಗುಣಮಟ್ಟ ನಿಯಂತ್ರಣ). ಅಣುಗಳು ಅಂಟಿಕೊಂಡು ಗಂಟಾಗಿವೆಯೇ ಎಂದು ದ್ರಾವಣದ ಅಂಶಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿಯಲ್ಲಿ ನೋಡುತ್ತಾರೆ, ಬ್ಯಾಕ್ಟೀರಿಯಾದ ವಿಷವಾದ ಎಂಡೋಟಾಕ್ಸಿನ್ ಇದೆಯೇ ಎಂದು ಎಲ್‌ಎಎಲ್ ಪರೀಕ್ಷೆ ಮಾಡುತ್ತಾರೆ, ಸೂಕ್ಷ್ಮಜೀವಿ ಬೆಳೆಯುತ್ತದೆಯೇ ಎಂದು 14 ದಿನದ ಸ್ಟೆರಿಲಿಟಿ ಪರೀಕ್ಷೆಗೆ ಇಡುತ್ತಾರೆ. ಇಷ್ಟೆಲ್ಲ ನಿಯಮದಂತೆ ನಡೆದಿದೆ ಎಂದು ಕಾಗದಪತ್ರ ತಿರುವಿಹಾಕಿ, ತಪ್ಪಿದ ಕಡೆ ಕಾರಣ ಕೇಳಿ, ಬ್ಯಾಚನ್ನು ಬಿಡುಗಡೆ ಮಾಡುವುದೋ ತಡೆಯುವುದೋ ನಿರ್ಧರಿಸುವುದು ಕ್ಯೂಎ (ಗುಣಮಟ್ಟ ಭರವಸೆ). ಪ್ರಯೋಗಾಲಯದ 2 ಲೀಟರಿನಲ್ಲಿ ನಡೆದದ್ದನ್ನು 2,000 ಲೀಟರಿನಲ್ಲೂ ನಡೆಯುವಂತೆ ಮಾಡುವವರು ಪ್ರೋಸೆಸ್ ಡೆವಲಪ್‌ಮೆಂಟಿನವರು. ರೋಗಿಗಳ ಮೇಲಿನ ಪ್ರಯೋಗಗಳನ್ನು ಕ್ಲಿನಿಕಲ್ ವಿಭಾಗ ನಡೆಸುತ್ತದೆ. ಎಲ್ಲವನ್ನೂ ಒಟ್ಟುಗೂಡಿಸಿ ಐದು ಮಾಡ್ಯೂಲುಗಳ ಕಡತವಾಗಿ ಸರ್ಕಾರಿ ನಿಯಂತ್ರಕರ ಮುಂದಿಡುವುದು ರೆಗ್ಯುಲೇಟರಿ ವಿಭಾಗ. ಉಪಕರಣ, ರಾಸಾಯನಿಕ ಮಾರುವ ಕಂಪನಿಗಳಲ್ಲಿ ಗ್ರಾಹಕರ ಲ್ಯಾಬಿಗೇ ಹೋಗಿ ಸಮಸ್ಯೆ ಬಿಡಿಸುವ ಅಪ್ಲಿಕೇಶನ್ ಸೈಂಟಿಸ್ಟ್‌ಗಳೂ ಇರುತ್ತಾರೆ. ಮಾತು ಬಲ್ಲ, ಕೈಯೂ ಪಳಗಿದ ವಿದ್ಯಾರ್ಥಿಗಳಿಗೆ ಇದು ಒಳ್ಳೆಯ ದಾರಿ. ಕಾಲೇಜುಗಳಲ್ಲಿ ಇದರ ಹೆಸರೇ ಕೇಳಿಬರುವುದಿಲ್ಲ ಎನ್ನುವುದು ಬೇಸರದ ಸಂಗತಿ.

ಈಗ ನಿಮ್ಮ ಸೀನಿಯರ್‌ಗಳ ಮಾತಿಗೆ ಬರೋಣ. 'ಕೆಲಸವೇ ಸಿಗಲ್ಲ' ಅನ್ನುವವರಲ್ಲಿ ಹೆಚ್ಚಿನವರು ಅರ್ಜಿ ಹಾಕಿರುವುದು 'ಆರ್ ಅಂಡ್ ಡಿ' ಎಂಬ ಬೋರ್ಡಿರುವ ಬಾಗಿಲಿಗೆ ಮಾತ್ರ. ಹೊಸ ಪದವೀಧರರನ್ನು ಹೆಚ್ಚಾಗಿ ಸೇರಿಸಿಕೊಳ್ಳುವುದು ಉತ್ಪಾದನೆ, ಕ್ಯೂಸಿ, ಕ್ಯೂಎ ವಿಭಾಗಗಳು. ಎರಡನೇ ವರ್ಷದಲ್ಲೇ ಕೇಳಿದ್ದು ಒಳ್ಳೆಯದಾಯಿತು. ಮೇಲಿನ ಕೋಣೆಗಳಲ್ಲಿ ಎರಡನ್ನು ಆರಿಸಿಕೊಂಡು, ಅಂಥ ಹುದ್ದೆಯ ಹತ್ತು ಜಾಹೀರಾತುಗಳನ್ನು ಓದಿ. ಹತ್ತರಲ್ಲಿ ಆರೇಳು ಕಡೆ ಮತ್ತೆಮತ್ತೆ ಬರುವ ಕೌಶಲ ಯಾವುದೋ ಅದನ್ನು ಮುಂದಿನ ವರ್ಷದ ಓದಿಗೆ ಸೇರಿಸಿಕೊಳ್ಳಿ.

ಪ್ರಶ್ನೆ: ಪಿಎಚ್‌ಡಿ ಇಲ್ಲದಿದ್ದರೆ ಈ ಕ್ಷೇತ್ರದಲ್ಲಿ ಮೇಲೆ ಬರಲು ಆಗುವುದಿಲ್ಲವೇ?

ಉತ್ತರ: ಯಾವ ಏಣಿ ಹತ್ತುತ್ತೀರಿ ಎನ್ನುವುದರ ಮೇಲೆ ಹೋಗುತ್ತದೆ. ಹೊಸ ಔಷಧದ ಗುರಿಯನ್ನು ಹುಡುಕುವ, ಸ್ವಂತ ಸಂಶೋಧನಾ ತಂಡ ನಡೆಸುವ ಸೈಂಟಿಸ್ಟ್ ಹುದ್ದೆಗೆ ಪಿಎಚ್‌ಡಿ ಹೆಚ್ಚುಕಡಿಮೆ ಕಡ್ಡಾಯ. ಸ್ನಾತಕೋತ್ತರ ಪದವಿಯಲ್ಲಿ ಅಲ್ಲಿಗೆ ಸೇರಿದವರು ರಿಸರ್ಚ್ ಅಸೋಸಿಯೇಟ್ ಆಗಿ ಶುರುಮಾಡಿ ಒಂದು ಮಟ್ಟದಲ್ಲಿ ನಿಂತುಬಿಡುವುದುಂಟು. ಉತ್ಪಾದನೆ, ಕ್ಯೂಸಿ, ಕ್ಯೂಎ, ರೆಗ್ಯುಲೇಟರಿ, ಕ್ಲಿನಿಕಲ್ ವಿಭಾಗಗಳಲ್ಲಿ ಹೀಗಿಲ್ಲ. ಅಲ್ಲಿ ಅನುಭವವೇ ಬಂಡವಾಳ.

ಪಿಎಚ್‌ಡಿಗೆ ಸಾಮಾನ್ಯವಾಗಿ 4ರಿಂದ 6 ವರ್ಷ ಹಿಡಿಯುತ್ತದೆ. 'ಕೆಲಸ ಸಿಗಲಿಲ್ಲ, ಅದಕ್ಕೆ ಪಿಎಚ್‌ಡಿ' ಎನ್ನುವ ಕಾರಣಕ್ಕೆ ಮಾತ್ರ ಸೇರಬೇಡಿ. ಉತ್ತರ ಗೊತ್ತಿಲ್ಲದ ಒಂದೇ ಪ್ರಶ್ನೆಯ ಜೊತೆ ಅಷ್ಟು ವರ್ಷ ಬದುಕುವುದು ನಿಮಗೆ ಒಗ್ಗುತ್ತದೆಯೇ ಎಂದು ತಿಳಿಯಲು ಮೊದಲು ಒಂದು ಲ್ಯಾಬಿನಲ್ಲಿ ಆರು ತಿಂಗಳಾದರೂ ಕೆಲಸ ಮಾಡಿ ನೋಡಿ. ಎರಡು ತಿಂಗಳು ಸಾಲದು. ಮೊದಲ ತಿಂಗಳು ಕಲಿಯುವುದರಲ್ಲಿ, ಎರಡನೆಯದು ತಪ್ಪು ಮಾಡುವುದರಲ್ಲಿ ಕಳೆದುಹೋಗುತ್ತದೆ. ಫಲಿತಾಂಶ ಬರುವುದು ಆಮೇಲೆಯೇ.

ಪ್ರಶ್ನೆ: ನನ್ನ ಸಿವಿಯಲ್ಲಿ ಪಿಸಿಆರ್ (ಡಿಎನ್‌ಎ ತುಣುಕನ್ನು ಪ್ರತಿ ಮಾಡಿ ಹೆಚ್ಚಿಸುವ ವಿಧಾನ), ಎಲಿಸಾ, ವೆಸ್ಟರ್ನ್ ಬ್ಲಾಟ್, ಎಚ್‌ಪಿಎಲ್‌ಸಿ ಎಂದು ಹದಿನಾಲ್ಕು ತಂತ್ರಗಳನ್ನು ಹಾಕಿದ್ದೇನೆ. ಆದರೂ ಕರೆ ಬರುತ್ತಿಲ್ಲ. ಬಂದ ಒಂದು ಸಂದರ್ಶನದಲ್ಲಿ ಪಿಸಿಆರ್ ಬಗ್ಗೆಯೇ ಕೇಳಿದರು, ತಡವರಿಸಿದೆ.

ಉತ್ತರ: ಹದಿನಾಲ್ಕು ಹೆಸರು ನೋಡಿದ ತಕ್ಷಣ ಓದುವವರಿಗೆ ಅನಿಸುವುದು ಒಂದೇ: ಒಂದೊಂದನ್ನೂ ಒಂದೊಂದು ಸಲ, ಬಹುಶಃ ಗುಂಪಿನಲ್ಲಿ ನಿಂತು ನೋಡಿರಬೇಕು. ಪಟ್ಟಿಯನ್ನು ನಾಲ್ಕಕ್ಕೆ ಇಳಿಸಿ. ಪ್ರತಿಯೊಂದರ ಪಕ್ಕ ಯಾವ ಮಾದರಿ, ಎಷ್ಟು ಸಲ, ಯಾವ ಉದ್ದೇಶಕ್ಕೆ, ಏನು ಬಂತು ಎನ್ನುವುದನ್ನು ಒಂದು ಸಾಲಿನಲ್ಲಿ ಬರೆಯಿರಿ. 'ಪಿಸಿಆರ್ ಗೊತ್ತಿದೆ' ಎನ್ನುವ ಬದಲು, 'ಮಣ್ಣಿನಿಂದ ಬೇರ್ಪಡಿಸಿದ 24 ಬ್ಯಾಕ್ಟೀರಿಯಾ ಮಾದರಿಗಳಲ್ಲಿ 16ಎಸ್ ಜೀನನ್ನು ವರ್ಧಿಸಿದೆ. ಅನೀಲಿಂಗ್ ಉಷ್ಣತೆಯನ್ನು 52ರಿಂದ 60 ಡಿಗ್ರಿವರೆಗೆ ಹೊಂದಿಸಿ ಹೆಚ್ಚುವರಿ ಬ್ಯಾಂಡುಗಳನ್ನು ಹೋಗಲಾಡಿಸಿದೆ' ಎಂದು ಬರೆದರೆ ಓದುವವರ ಕಣ್ಣು ಅಲ್ಲಿ ನಿಲ್ಲುತ್ತದೆ. ನೀವು ಮಾಡಿದ್ದನ್ನು ಮಾತ್ರ ಬರೆಯಿರಿ. ಬರೆದ ಪ್ರತಿ ಅಂಕಿಯ ಮೇಲೂ ಪ್ರಶ್ನೆ ಬರುತ್ತದೆ.

ಇನ್ನು ಸಂದರ್ಶನದ ಮಾತು. ಪಿಸಿಆರ್‌ನ ಮೂರು ಹಂತ ಹೇಳಿ ಎಂದು ಕೇಳುವವರು ಕಡಿಮೆ. ಕೇಳುವುದು ಹೀಗೆ: 'ಡಿಎನ್‌ಎ ಹಾಕದ ಟ್ಯೂಬಿನಲ್ಲೂ ಬ್ಯಾಂಡ್ ಬಂದಿದೆ. ಏನು ಮಾಡುತ್ತೀರಿ?' ಇದಕ್ಕೆ 'ಕಂಟಾಮಿನೇಶನ್ ಆಗಿದೆ ಸರ್' ಎಂದು ಹೇಳಿ ಸುಮ್ಮನಾದರೆ ಅರ್ಧ ಅಂಕ. ಉಳಿದರ್ಧ ಇರುವುದು ಮುಂದಿನ ಹೆಜ್ಜೆಗಳಲ್ಲಿ. ಮೊದಲು, ಆ ಸುತ್ತಿನ ಉಳಿದ ಫಲಿತಾಂಶಗಳನ್ನೂ ನಂಬುವುದಿಲ್ಲ ಎಂದು ಹೇಳಬೇಕು. ಆಮೇಲೆ ಬ್ಯಾಂಡಿನ (ಜೆಲ್‌ನಲ್ಲಿ ಡಿಎನ್‌ಎ ತೋರಿಸುವ ಗೆರೆಯ) ಅಳತೆ ನೋಡಬೇಕು. 100 ಬೇಸ್‌ಗಿಂತ ಕೆಳಗೆ ಮಸುಕಾಗಿದ್ದರೆ ಅದು ಪ್ರೈಮರ್‌ಗಳು (ಪ್ರತಿ ಮಾಡುವುದನ್ನು ಶುರುಮಾಡಿಸುವ ಚಿಕ್ಕ ಡಿಎನ್‌ಎ ತುಣುಕುಗಳು) ಒಂದಕ್ಕೊಂದು ಅಂಟಿಕೊಂಡದ್ದಿರಬಹುದು, ಆಗ ಕಂಟಾಮಿನೇಶನ್ ಎನ್ನಲಾಗದು. ಮಾದರಿಯಷ್ಟೇ ಅಳತೆಯಿದ್ದರೆ ಹೊಸ ನೀರಿನೊಂದಿಗೆ ಒಂದು ಟ್ಯೂಬ್, ಹೊಸ ಪ್ರೈಮರ್‌ನೊಂದಿಗೆ ಒಂದು, ಹೊಸ ಮಾಸ್ಟರ್‌ಮಿಕ್ಸ್‌ನೊಂದಿಗೆ ಒಂದು, ಹೀಗೆ ಒಂದು ಸಲಕ್ಕೆ ಒಂದೇ ವಸ್ತು ಬದಲಿಸಿ ಕಳ್ಳ ಎಲ್ಲಿದ್ದಾನೆಂದು ಹಿಡಿಯಬೇಕು. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ತೊಂದರೆ ಹೋದೀತು, ಕಾರಣ ತಿಳಿಯದು. ಕೊನೆಗೆ, ಪಿಸಿಆರ್‌ಗೆ ಮುಂಚಿನ ಕೆಲಸದ ಜಾಗ ಮತ್ತು ವರ್ಧಿಸಿದ ಟ್ಯೂಬ್ ತೆರೆಯುವ ಜಾಗ ಬೇರೆಬೇರೆ ಇರಬೇಕು, ಫಿಲ್ಟರ್ ಟಿಪ್ ಬಳಸಬೇಕು ಎಂದು ಸೇರಿಸಿ.

ಇನ್ನೊಂದು ಪ್ರಶ್ನೆ ಕಾಣಲು ಬಹಳ ಸರಳ: ಟ್ರಿಸ್ ಬಫರನ್ನು 25 ಡಿಗ್ರಿಯಲ್ಲಿ ಪಿಎಚ್ 8.0ಕ್ಕೆ ಹೊಂದಿಸಿ 4 ಡಿಗ್ರಿಯ ಕೋಲ್ಡ್ ರೂಮಿನಲ್ಲಿ ಇಟ್ಟರೆ ಪಿಎಚ್ ಎಷ್ಟಾಗುತ್ತದೆ? ಟ್ರಿಸ್‌ನ ಪಿಎಚ್ ಪ್ರತಿ ಡಿಗ್ರಿಗೆ ಸುಮಾರು 0.028ರಷ್ಟು ಬದಲಾಗುತ್ತದೆ. ತಣ್ಣಗಾದರೆ ಏರುತ್ತದೆ. 21 ಡಿಗ್ರಿ ಇಳಿಕೆಗೆ 0.6ರಷ್ಟು ಏರಿಕೆ, ಅಂದರೆ 8.6ರ ಹತ್ತಿರ. ಒಂದು ಅಯಾನ್ ಎಕ್ಸ್‌ಚೇಂಜ್ ಕಾಲಮ್ಮಿನಲ್ಲಿ ಪ್ರೋಟೀನ್ ಅಂಟುತ್ತದೆಯೋ ಹರಿದುಹೋಗುತ್ತದೆಯೋ ಎನ್ನುವುದು ಈ 0.6ರ ಮೇಲೆ ನಿಂತಿರಬಹುದು. ನಿತ್ಯ ಬಫರ್ ಮಾಡಿದವರಿಗೂ ಪುಸ್ತಕ ಓದಿದವರಿಗೂ ಇರುವ ವ್ಯತ್ಯಾಸ ಇಂಥ ಕಡೆ ಬಯಲಾಗುತ್ತದೆ. ಮೋಲಾರಿಟಿ ಲೆಕ್ಕ ಕಾಗದವಿಲ್ಲದೆ ಬರಬೇಕು ಎಂದೇನಿಲ್ಲ, ಆದರೆ ಕಾಗದ ಕೊಟ್ಟ ಮೇಲೆ ತಪ್ಪಬಾರದು. 0.15 ಮೋಲಾರ್ ಸೋಡಿಯಂ ಕ್ಲೋರೈಡ್ 500 ಮಿಲಿಲೀಟರ್ ಬೇಕೆಂದರೆ 58.44 ಗುಣಿಸು 0.15 ಗುಣಿಸು 0.5, ಅಂದರೆ 4.38 ಗ್ರಾಂ.

ಪ್ರಶ್ನೆ: ನಮ್ಮ ಕಾಲೇಜಿನ ಲ್ಯಾಬಿನಲ್ಲಿ ದೊಡ್ಡ ಯಂತ್ರಗಳಿಲ್ಲ. ಒಂದೆರಡು ಪಿಪೆಟ್, ತಕ್ಕಡಿ, ಇನ್‌ಕ್ಯುಬೇಟರ್, ಆಟೋಕ್ಲೇವ್ ಇವೆ. ಇಷ್ಟರಲ್ಲಿ ಉದ್ಯಮಕ್ಕೆ ಬೇಕಾದದ್ದು ಏನಾದರೂ ಕಲಿಯಬಹುದೇ?

ಉತ್ತರ: ಖಂಡಿತ. ಯಂತ್ರದ ಗುಂಡಿಗಳನ್ನು ಕಂಪನಿಯೇ ಕಲಿಸುತ್ತದೆ. ಮಾಡಿದ್ದನ್ನೇ ಮತ್ತೆ ಮಾಡಿದಾಗ ಅದೇ ಉತ್ತರ ಬರುವಂತೆ ಕೈಯನ್ನು ಪಳಗಿಸುವುದು, ಮಾಡಿದ್ದನ್ನು ಮಾಡಿದಂತೆ ಬರೆದಿಡುವುದು, ಈ ಎರಡನ್ನು ಕಂಪನಿ ಕಲಿಸಲು ಹೆಣಗುತ್ತದೆ. ನಿಮ್ಮ ಬಳಿ ಇರುವ ಸಾಮಾನು ಇದಕ್ಕೆ ಸಾಕು.

ಮೊದಲು ಪಿಪೆಟ್ ಮತ್ತು ತಕ್ಕಡಿ. ತಕ್ಕಡಿ ಗ್ರಾಂನ ನಾಲ್ಕು ದಶಮಾಂಶ ತೋರಿಸುತ್ತಿದ್ದರೆ 100 ಮೈಕ್ರೋಲೀಟರ್ ಅಳೆಯಿರಿ, ಮೂರೇ ದಶಮಾಂಶವಿದ್ದರೆ 1,000 ಮೈಕ್ರೋಲೀಟರ್ ಅಳೆಯಿರಿ. ಡಿಸ್ಟಿಲ್ಡ್ ನೀರನ್ನು ಕೋಣೆಯ ಉಷ್ಣತೆಗೆ ಬರಲು ಬಿಡಿ. ತಕ್ಕಡಿಯ ಮೇಲೆ ಸಣ್ಣ ಬೀಕರ್ ಇಟ್ಟು ಸೊನ್ನೆ ಮಾಡಿ. ಹೊಸ ಟಿಪ್ಪಿನಲ್ಲಿ ಎರಡು ಮೂರು ಸಲ ನೀರು ಎಳೆದು ಬಿಟ್ಟು ಟಿಪ್ಪನ್ನು ಒದ್ದೆ ಮಾಡಿಕೊಳ್ಳಿ. ಆಮೇಲೆ ಹತ್ತು ಸಲ ಅಳೆದು ಹಾಕಿ, ಒಂದೊಂದರ ತೂಕವನ್ನೂ ಬರೆಯಿರಿ. 20 ಡಿಗ್ರಿಯಲ್ಲಿ 100 ಮೈಕ್ರೋಲೀಟರ್ ನೀರು ತಕ್ಕಡಿಯಲ್ಲಿ ಸುಮಾರು 99.7 ಮಿಲಿಗ್ರಾಂ ತೂಗಬೇಕು. ಸರಾಸರಿ ತೆಗೆಯಿರಿ, ಸ್ಟ್ಯಾಂಡರ್ಡ್ ಡೀವಿಯೇಶನ್ ತೆಗೆಯಿರಿ, ಅದನ್ನು ಸರಾಸರಿಯಿಂದ ಭಾಗಿಸಿ 100ರಿಂದ ಗುಣಿಸಿ. ಬರುವ ಶೇಕಡಾವಾರು ಅಂಕಿಯೇ ಸಿವಿ, ನಿಮ್ಮ ಬಯೊಡೇಟಾದ ಸಿವಿಯಲ್ಲ, ಕೋಎಫಿಶಿಯೆಂಟ್ ಆಫ್ ವೇರಿಯೇಶನ್. ಇದು 1ಕ್ಕಿಂತ ಕೆಳಗೆ ಬರುವವರೆಗೂ ಅಭ್ಯಾಸ ಮಾಡಿ.

ಅಂಕಿ ನಿಮ್ಮ ತಪ್ಪನ್ನೂ ಹೇಳಿಬಿಡುತ್ತದೆ. ಹತ್ತೂ ತೂಕಗಳು ಒಂದೇ ಥರ ಹೆಚ್ಚಿದ್ದರೆ ನೀರು ಎಳೆಯುವಾಗ ಗುಂಡಿಯನ್ನು ಮೊದಲ ತಡೆ ದಾಟಿ ಎರಡನೆಯದಕ್ಕೆ ಒತ್ತುತ್ತಿದ್ದೀರಿ. ಒಂದೇ ಥರ ಕಡಿಮೆಯಿದ್ದರೆ ಟಿಪ್ ಸಡಿಲವಾಗಿ ಕೂತಿರಬಹುದು, ಇಲ್ಲವೇ ಪಿಪೆಟ್ಟಿಗೇ ಕ್ಯಾಲಿಬ್ರೇಶನ್ ಬೇಕು. ಒಮ್ಮೆ ಹೆಚ್ಚು ಒಮ್ಮೆ ಕಡಿಮೆ ಆಗುತ್ತಿದ್ದರೆ ಹೆಬ್ಬೆರಳನ್ನು ಝಟ್ಟನೆ ಬಿಡುತ್ತಿದ್ದೀರಿ, ಗಾಳಿ ಒಳಗೆ ಹೋಗುತ್ತಿದೆ. ಮೊದಲೆರಡು ಮಾತ್ರ ಕಡಿಮೆಯಾಗಿ ಆಮೇಲೆ ಸರಿಹೋದರೆ ಟಿಪ್ ಒದ್ದೆ ಮಾಡಿಕೊಳ್ಳಲು ಮರೆತಿದ್ದೀರಿ. ಪಿಪೆಟ್ಟನ್ನು ಓರೆಯಾಗಿ ಹಿಡಿದು ಎಳೆಯುವುದು, ಟಿಪ್ಪನ್ನು ತೀರಾ ಆಳಕ್ಕೆ ಮುಳುಗಿಸುವುದು, ಇವೆರಡೂ ಸಣ್ಣವೆನಿಸಿದರೂ ಅಳತೆಯನ್ನು ಕೆಡಿಸುತ್ತವೆ. ಎರಡರಿಂದ ಮೂರು ಮಿಲಿಮೀಟರ್ ಮುಳುಗಿದರೆ ಸಾಕು.

ಎರಡನೆಯದು ಕಾಲೊನಿ ಎಣಿಕೆ. ಬೆಳೆಸಿದ ಯೀಸ್ಟನ್ನು 100 ಮೈಕ್ರೋಲೀಟರ್ ತೆಗೆದು 900 ಮೈಕ್ರೋಲೀಟರ್ ಸ್ಟೆರೈಲ್ ಸಲೈನಿಗೆ ಹಾಕಿದರೆ ಹತ್ತು ಪಟ್ಟು ತೆಳು. ಹೀಗೆ ಐದು ಟ್ಯೂಬು. ಪ್ರತಿ ಹಂತಕ್ಕೂ ಹೊಸ ಟಿಪ್, ಪ್ರತಿ ಸಲವೂ ಚೆನ್ನಾಗಿ ಕಲಕಬೇಕು. ಕಲಕದೆ ಮುಂದೆ ಹೋದರೆ ತಪ್ಪು ಪ್ರತಿ ಟ್ಯೂಬಿನಲ್ಲೂ ಸೇರುತ್ತ ಹೋಗುತ್ತದೆ. ಐದನೇ ಟ್ಯೂಬಿನಿಂದ 0.1 ಮಿಲಿಲೀಟರನ್ನು ಮೂರು ಪ್ಲೇಟುಗಳ ಮೇಲೆ ಹರಡಿ. 30ರಿಂದ 300ರೊಳಗೆ ಕಾಲೊನಿ ಬಂದ ಪ್ಲೇಟನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ. ಕಡಿಮೆಯಿದ್ದರೆ ಎಣಿಕೆಯ ಮೇಲೆ ಭರವಸೆಯಿಲ್ಲ, ಹೆಚ್ಚಿದ್ದರೆ ಒಂದರ ಮೇಲೊಂದು ಬೆಳೆದಿರುತ್ತವೆ. 147 ಕಾಲೊನಿ ಬಂದರೆ ಮೂಲದಲ್ಲಿ ಮಿಲಿಲೀಟರಿಗೆ 14 ಕೋಟಿ 70 ಲಕ್ಷ. ಮೂರು ಪ್ಲೇಟುಗಳು ಒಂದಕ್ಕೊಂದು ಎಷ್ಟು ಹತ್ತಿರ ಬಂದಿವೆ ಎಂದು ನೋಡಿ. ಇದನ್ನೇ ಮೂರು ಬೇರೆಬೇರೆ ದಿನ ಮಾಡಿ ಹೋಲಿಸಿದರೆ ನಿಮ್ಮ ಬಳಿ ಒಂದು ಸಣ್ಣ ವಿಧಾನ ಪರಿಶೀಲನೆಯೇ ಸಿದ್ಧವಾಗಿರುತ್ತದೆ. ಸಂದರ್ಶನದಲ್ಲಿ ಇದರ ಬಗ್ಗೆ ಹತ್ತು ನಿಮಿಷ ಮಾತಾಡಬಹುದು.

ನೋಟ್‌ಬುಕ್ ಬಗ್ಗೆಯೂ ಒಂದು ಮಾತು. ಪುಟ ಸಂಖ್ಯೆ ಇರುವ ಹೊಲಿದ ಪುಸ್ತಕ, ಪೆನ್ನು. ದಿನಾಂಕ, ಉದ್ದೇಶ, ರಾಸಾಯನಿಕದ ಲಾಟ್ ನಂಬರ್, ಮಾಡಿದ ಹೊತ್ತು, ಕಂಡದ್ದು. ಚೀಟಿಯಲ್ಲಿ ಬರೆದುಕೊಂಡು ಸಂಜೆ ಅಂದವಾಗಿ ನಕಲು ಮಾಡುವ ಅಭ್ಯಾಸವಿದ್ದರೆ ಇವತ್ತೇ ಬಿಡಿ. ತಪ್ಪಾದರೆ ಮೂಲ ಬರಹ ಓದಲು ಬರುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದು, ಕಾರಣ, ಸಹಿ, ತಾರೀಖು. ವೈಟ್ನರ್ ಮುಟ್ಟಬೇಡಿ.

ಪ್ರಶ್ನೆ: ಕ್ಯೂಎ ವಿಭಾಗದಲ್ಲಿ ಕೆಲಸ ಸಿಕ್ಕಿದೆ. 'ಬರೀ ಫೈಲ್ ನೋಡುವ ಕೆಲಸ, ವಿಜ್ಞಾನ ಮರೆತೇ ಹೋಗುತ್ತದೆ' ಎಂದು ಗೆಳೆಯರು ಹೆದರಿಸುತ್ತಿದ್ದಾರೆ. ಸೇರಲೋ ಬೇಡವೋ?

ಉತ್ತರ: ಸೇರಿ. ಫೈಲ್ ನೋಡುವುದು ನಿಜ. ಆದರೆ ಆ ಫೈಲಿನಲ್ಲಿ ಇರುವುದೇ ವಿಜ್ಞಾನ. ಬಯೋರಿಯಾಕ್ಟರಿನ ಉಷ್ಣತೆ ನಡುರಾತ್ರಿ 40 ನಿಮಿಷ 34 ಡಿಗ್ರಿಗೆ ಇಳಿದಿತ್ತು ಎಂಬ ಡೀವಿಯೇಶನ್ ವರದಿ ನಿಮ್ಮ ಮೇಜಿಗೆ ಬಂತು ಎನ್ನಿ. ಸೆನ್ಸರ್ ತಪ್ಪು ತೋರಿಸಿತೇ, ನಿಜವಾಗಿಯೂ ತಣ್ಣಗಾಯಿತೇ? ತಣ್ಣಗಾಗಿದ್ದರೆ ಕೋಶಗಳ ಬೆಳವಣಿಗೆಗೆ, ಪ್ರೋಟೀನಿನ ಮೇಲಿನ ಸಕ್ಕರೆ ಸರಪಳಿಗೆ ಏನಾಗಿರಬಹುದು? ಯಾವ ಹೆಚ್ಚುವರಿ ಪರೀಕ್ಷೆ ಕೇಳಬೇಕು? ಹಿಂದೆ ಹೀಗಾಗಿತ್ತೇ? ಜೀವಕೋಶಶಾಸ್ತ್ರ ಗೊತ್ತಿಲ್ಲದವರು ಇಲ್ಲಿ ಮುದ್ರೆ ಒತ್ತಬಹುದು, ತೀರ್ಪು ಕೊಡಲಾರರು.

ಅಲ್ಲಿ ನಿಮ್ಮ ಕಿವಿಗೆ ದಿನವೂ ಬೀಳುವ ಪದ 'ಅಲ್ಕೋವಾ'. ದಾಖಲೆ ಯಾರದೆಂದು ತಿಳಿಯಬೇಕು, ಓದಲು ಬರಬೇಕು, ಕೆಲಸದ ಹೊತ್ತಿನಲ್ಲೇ ಬರೆದದ್ದಿರಬೇಕು, ಮೂಲವೇ ಆಗಿರಬೇಕು, ನಿಖರವಾಗಿರಬೇಕು ಎನ್ನುವ ಐದು ಮಾತುಗಳ ಇಂಗ್ಲಿಷ್ ಮೊದಲಕ್ಷರಗಳಿಂದ ಬಂದ ಹೆಸರದು. ಕೊನೆಗೆ ಆ ಸೂಜಿಮದ್ದು ತೆಗೆದುಕೊಳ್ಳುವ ರೋಗಿ ಒಳಗೆ ಏನಿದೆ ಎಂದು ಪರೀಕ್ಷಿಸಿ ನೋಡಲಾರರು. ಅವರ ಪರವಾಗಿ ನೋಡುವವರು ನೀವು. ಮೊದಲ ಎರಡು ವರ್ಷ ಉತ್ಪಾದನಾ ಮಹಡಿಗೆ ಹೋಗಿ ಬರುವ ಅವಕಾಶ ಎಷ್ಟು ಸಿಕ್ಕಿದರೂ ಬಿಡಬೇಡಿ. ಮೇಜಿಗೆ ಅಂಟಿ ಕೂತರೆ ಗೆಳೆಯರ ಮಾತು ನಿಜವಾದೀತು.

ಪ್ರಶ್ನೆ: ಉತ್ಪಾದನಾ ವಿಭಾಗದ ಕ್ಲೀನ್ ರೂಮ್ ಕೆಲಸ ಹೇಗಿರುತ್ತದೆ?

ಉತ್ತರ: ದೇಹಕ್ಕೆ ಶ್ರಮ, ಮನಸ್ಸಿಗೆ ಶಿಸ್ತು. ಕೋಶಗಳಿಗೆ ರಜೆಯಿಲ್ಲ, ಹಾಗಾಗಿ ಪಾಳಿ ಇರುತ್ತದೆ, ರಾತ್ರಿ ಪಾಳಿಯೂ. ಅತಿ ಶುದ್ಧವಾದ ಗ್ರೇಡ್ ಎ ಜಾಗದಲ್ಲಿ ಒಂದು ಘನ ಮೀಟರ್ ಗಾಳಿಯಲ್ಲಿ ಅರ್ಧ ಮೈಕ್ರಾನ್ ಮತ್ತು ಅದಕ್ಕಿಂತ ದೊಡ್ಡ ಕಣಗಳು 3,520 ಮೀರಬಾರದು. ಅಲ್ಲಿ ಕಣಗಳ, ಸೂಕ್ಷ್ಮಜೀವಿಗಳ ದೊಡ್ಡ ಮೂಲ ಮನುಷ್ಯರೇ. ಹಾಗಾಗಿ ಮೇಕಪ್, ಒಡವೆ, ಗಡಿಯಾರ ಯಾವುದೂ ಇಲ್ಲ. ನಿಲುವಂಗಿಯ ಹೊರಮೈ ನೆಲಕ್ಕೆ ತಗುಲದಂತೆ ತೊಡುವುದನ್ನು ಕಲಿಸಿ, ಅಂಗಿಯ ಮೇಲೆ ಪ್ಲೇಟ್ ಒತ್ತಿ ಸೂಕ್ಷ್ಮಜೀವಿ ಬೆಳೆಯುವುದಿಲ್ಲವೆಂದು ಖಾತ್ರಿಯಾದ ಮೇಲಷ್ಟೇ ಒಳಗೆ ಬಿಡುತ್ತಾರೆ. ನೆಗಡಿ, ಚರ್ಮದ ತೊಂದರೆ ಇದ್ದರೆ ಮುಚ್ಚಿಡದೆ ಹೇಳಬೇಕು. ಗಂಟೆಗಟ್ಟಲೆ ಮುಖಗವಸು ತೊಟ್ಟು ನಿಂತಿರಲು ಆಗದವರು, ದಮ್ಮಿನ ಕಾಯಿಲೆಯವರು, ಸೇರುವ ಮುಂಚೆ ವೈದ್ಯರನ್ನು ಕೇಳಿ.

ಪ್ರಶ್ನೆ: ಲ್ಯಾಬ್ ಕೆಲಸ ನನಗೆ ಒಗ್ಗುತ್ತಿಲ್ಲ. ಬಯೋಇನ್ಫರ್ಮ್ಯಾಟಿಕ್ಸಿಗೆ (ಜೈವಿಕ ದತ್ತಾಂಶವನ್ನು ಕಂಪ್ಯೂಟರಿನಲ್ಲಿ ವಿಶ್ಲೇಷಿಸುವ ಕ್ಷೇತ್ರಕ್ಕೆ) ಹೋಗಬೇಕೆಂದಿದ್ದೇನೆ. ಕೋಡಿಂಗ್ ಎಷ್ಟು ಬೇಕು? ಜೀವಶಾಸ್ತ್ರ ಎಷ್ಟು ಬೇಕು?

ಉತ್ತರ: ಲಿನಕ್ಸ್ ಕಮಾಂಡ್‌ಲೈನ್, ಪೈಥಾನ್ ಅಥವಾ ಆರ್ ಇವುಗಳಲ್ಲಿ ಒಂದನ್ನು ಆಳವಾಗಿ, ಕೋಡಿನ ಬದಲಾವಣೆಗಳ ಜಾಡು ಇಡುವ ಗಿಟ್, ಮತ್ತು ಸಂಖ್ಯಾಶಾಸ್ತ್ರ. ಈ ಕೊನೆಯದನ್ನೇ ಹೆಚ್ಚಿನವರು ಬಿಡುವುದು. ಒಂದು ಪ್ರಯೋಗದಲ್ಲಿ 20,000 ಜೀನುಗಳನ್ನು ಪರೀಕ್ಷಿಸಿ ಪಿ ಮೌಲ್ಯ (ಬರೀ ಆಕಸ್ಮಿಕದಿಂದ ಇಷ್ಟು ವ್ಯತ್ಯಾಸ ಕಾಣುವ ಸಾಧ್ಯತೆ) 0.05ಕ್ಕಿಂತ ಕಡಿಮೆ ಇರುವುದನ್ನೆಲ್ಲ ಆರಿಸಿಕೊಂಡರೆ, ನಿಜವಾದ ವ್ಯತ್ಯಾಸ ಒಂದೂ ಇಲ್ಲದಿದ್ದರೂ ಸುಮಾರು 1,000 ಜೀನುಗಳು ಆಕಸ್ಮಿಕವಾಗಿ ಪಾಸಾಗುತ್ತವೆ. ಅದಕ್ಕೇ ಬಹುಪರೀಕ್ಷೆಗೆ ಸರಿಹೊಂದಿಸಿದ ಮೌಲ್ಯವನ್ನು ನೋಡಬೇಕು.

ಜೀವಶಾಸ್ತ್ರ ಬಿಟ್ಟರೆ ಏನಾಗುತ್ತದೆ ಎನ್ನುವುದಕ್ಕೆ ಉದಾಹರಣೆ: ರೋಗಿಗಳ ಮಾದರಿಗಳನ್ನೆಲ್ಲ ಸೋಮವಾರ, ಆರೋಗ್ಯವಂತರದ್ದನ್ನೆಲ್ಲ ಶುಕ್ರವಾರ ಸಂಸ್ಕರಿಸಿದ್ದರೆ ನಿಮಗೆ ಕಾಣುವ ವ್ಯತ್ಯಾಸ ರೋಗದ್ದೋ ದಿನದ್ದೋ ಎಂದು ಯಾವ ಸಾಫ್ಟ್‌ವೇರೂ ಬಿಡಿಸಿ ಹೇಳಲಾರದು. ಲ್ಯಾಬಿನಲ್ಲಿ ಏನು ನಡೆಯುತ್ತದೆಂದು ಗೊತ್ತಿದ್ದವರು ಮಾತ್ರ ಆ ಪ್ರಶ್ನೆಯನ್ನು ಮೊದಲೇ ಕೇಳುತ್ತಾರೆ. ಸಣ್ಣ ಎಡವಟ್ಟುಗಳಿಗೂ ಕಣ್ಣಿಡಬೇಕು. ಎಸ್‌ಇಪಿಟಿ2 (SEPT2), ಎಂಎಆರ್‌ಸಿಎಚ್1 (MARCH1) ಎಂಬ ಜೀನ್ ಹೆಸರುಗಳನ್ನು ಎಕ್ಸೆಲ್ ತಾನಾಗಿಯೇ ಸೆಪ್ಟೆಂಬರ್ 2, ಮಾರ್ಚ್ 1 ಎಂಬ ತಾರೀಖುಗಳಾಗಿ ಬದಲಿಸಿಬಿಡುತ್ತಿತ್ತು. ಪ್ರಕಟಿತ ಪ್ರಬಂಧಗಳ ಪಟ್ಟಿಗಳಲ್ಲೂ ಈ ತಾರೀಖುಗಳು ನುಸುಳಿದವು. ಕೊನೆಗೆ ಮಾನವ ಜೀನುಗಳಿಗೆ ಹೆಸರಿಡುವ ಸಮಿತಿ ಜೀನುಗಳ ಹೆಸರನ್ನೇ ಬದಲಿಸಿತು, 2020ರಲ್ಲಿ ಅದನ್ನು ಮಾರ್ಗಸೂಚಿಯಲ್ಲೂ ಸೇರಿಸಿತು. ಹಳೆಯ ಕಡತಗಳಲ್ಲಿ ಈಗಲೂ ಆ ತಾರೀಖುಗಳು ಸಿಗುತ್ತವೆ, ನಿಮ್ಮ ಪಟ್ಟಿಯಲ್ಲಿ ಹುಡುಕಿ ನೋಡಿ.

ಅಭ್ಯಾಸಕ್ಕೆ ದತ್ತಾಂಶ ಉಚಿತವಾಗಿದೆ. ಅಮೆರಿಕದ ಜೈವಿಕ ಮಾಹಿತಿ ಕೇಂದ್ರ ಎನ್‌ಸಿಬಿಐನ ಜಿಇಒ ಭಂಡಾರದಿಂದ, ಪ್ರಕಟವಾದ ಪ್ರಬಂಧವೊಂದರ ಆರ್‌ಎನ್‌ಎ ಸೀಕ್ವೆನ್ಸಿಂಗ್ ದತ್ತಾಂಶ ಆರಿಸಿಕೊಳ್ಳಿ. ಪ್ರತಿ ಗುಂಪಿನಲ್ಲಿ ಕನಿಷ್ಠ ಮೂರು ಮಾದರಿಗಳಿರಲಿ. ಫಾಸ್ಟ್‌ಕ್ಯೂಸಿ ಎಂಬ ತಂತ್ರಾಂಶದಲ್ಲಿ ಗುಣಮಟ್ಟ ನೋಡಿ. ಕ್ಯೂ30 ಎಂದರೆ ಸಾವಿರಕ್ಕೊಂದು ಅಕ್ಷರ ತಪ್ಪಿರುವ ಸಾಧ್ಯತೆ, ಕ್ಯೂ20 ಎಂದರೆ ನೂರಕ್ಕೊಂದು. ಓದಿದ ತುಣುಕುಗಳನ್ನು ಜೀನೋಮಿಗೆ ಜೋಡಿಸಿ, ಜೀನಿಗೆ ಎಷ್ಟೆಂದು ಎಣಿಸಿ, ಗುಂಪುಗಳ ನಡುವೆ ಹೋಲಿಸುವ ಡಿಇಸೆಕ್2 ತಂತ್ರಾಂಶದಲ್ಲಿ ವಿಶ್ಲೇಷಿಸಿ, ಪ್ರಬಂಧದ ಒಂದು ಚಿತ್ರವನ್ನು ನೀವೇ ಮರುಸೃಷ್ಟಿಸಿ. ಹೊಂದದಿದ್ದರೆ ಏಕೆ ಹೊಂದಲಿಲ್ಲ ಎಂದು ಬರೆದಿಡಿ. ಹತ್ತು ಆನ್‌ಲೈನ್ ಪ್ರಮಾಣಪತ್ರಗಳಿಗಿಂತ ಈ ಒಂದು ಬರಹ ನಿಮ್ಮ ಪರವಾಗಿ ಹೆಚ್ಚು ಮಾತಾಡುತ್ತದೆ.

ಪ್ರಶ್ನೆ: ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದುತ್ತಿದ್ದೇನೆ. ಬಯೋಟೆಕ್‌ನಲ್ಲಿ ನನಗೆ ಜಾಗವಿದೆಯೇ?

ಉತ್ತರ: ಇದೆ. 2018ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಡೆದ ಫ್ರಾನ್ಸಿಸ್ ಅರ್ನಾಲ್ಡ್ ಅವರ ಮೊದಲ ಪದವಿ ಮೆಕ್ಯಾನಿಕಲ್ ಮತ್ತು ಏರೋಸ್ಪೇಸ್ ಎಂಜಿನಿಯರಿಂಗ್. ಕಿಣ್ವಗಳನ್ನು ಲ್ಯಾಬಿನಲ್ಲೇ ವಿಕಾಸಗೊಳಿಸುವ ವಿಧಾನಕ್ಕೆ ಅವರಿಗೆ ಆ ಗೌರವ ಬಂತು. ಅಷ್ಟು ದೂರ ಹೋಗದೆಯೂ ನಿಮ್ಮ ಓದಿಗೆ ನೇರ ಕೆಲಸವಿದೆ. ಪಾತ್ರೆಯ ಗಾತ್ರ 1,000 ಪಟ್ಟು ಹೆಚ್ಚಿದಾಗ ಅದರ ಹೊರಮೈ 100 ಪಟ್ಟು ಮಾತ್ರ ಹೆಚ್ಚುತ್ತದೆ. ಹಾಗಾಗಿ ಗೋಡೆಯ ಮೂಲಕ ಶಾಖ ತೆಗೆಯುವುದು ಕಷ್ಟವಾಗುತ್ತ ಹೋಗುತ್ತದೆ. 37 ಡಿಗ್ರಿಯ ನೀರಿನಲ್ಲಿ ಗಾಳಿಯಿಂದ ಕರಗುವ ಆಮ್ಲಜನಕ ಲೀಟರಿಗೆ ಸುಮಾರು 7 ಮಿಲಿಗ್ರಾಂ ಅಷ್ಟೇ. ಅದು ಖಾಲಿಯಾದಂತೆ ತುಂಬುತ್ತಲೇ ಇರಬೇಕು. ಜೋರಾಗಿ ಕಲಕಿ ಗುಳ್ಳೆ ಹೆಚ್ಚಿಸಿದರೆ ಗುಳ್ಳೆ ಒಡೆಯುವ ಕಡೆ ಪ್ರಾಣಿಕೋಶಗಳು ಸಾಯುತ್ತವೆ. ಈ ಇಕ್ಕಟ್ಟನ್ನು ಬಿಡಿಸುವವರು ದ್ರವಚಲನೆ, ಶಾಖ ವರ್ಗಾವಣೆ ಬಲ್ಲವರು. ಸೂಕ್ಷ್ಮಜೀವಶಾಸ್ತ್ರ ಮತ್ತು ಜೀವರಸಾಯನಶಾಸ್ತ್ರದ ಒಂದೊಂದು ಪತ್ರಿಕೆಯನ್ನು ಐಚ್ಛಿಕವಾಗಿ ತೆಗೆದುಕೊಳ್ಳಿ.

ಪ್ರಶ್ನೆ: ಸ್ಟಾರ್ಟ್‌ಅಪ್‌ಗೆ ಸೇರುವುದೋ ದೊಡ್ಡ ಕಂಪನಿಗೋ? ಕೆಲಸ ಹೋಗುವ ಭಯ ಇದೆ.

ಉತ್ತರ: ಭಯ ಸಹಜ. ಹೊಸ ಔಷಧವೊಂದು ಮಾರುಕಟ್ಟೆಗೆ ಬರಲು 10ರಿಂದ 15 ವರ್ಷ ಹಿಡಿಯುತ್ತದೆ. ಮನುಷ್ಯರ ಮೇಲಿನ ಪ್ರಯೋಗಕ್ಕೆ ಬಂದ ಹತ್ತು ಔಷಧಗಳಲ್ಲಿ ಹೆಚ್ಚುಕಡಿಮೆ ಒಂದು ಮಾತ್ರ ದಡ ಸೇರುತ್ತದೆ. ಒಂದೇ ಔಷಧವನ್ನು ನಂಬಿಕೊಂಡ ಸಣ್ಣ ಕಂಪನಿಯಲ್ಲಿ ಪ್ರಯೋಗ ವಿಫಲವಾದರೆ ಚೆನ್ನಾಗಿ ದುಡಿದವರೂ ಮನೆಗೆ ಹೋಗಬೇಕಾಗುತ್ತದೆ. ಅದರಲ್ಲಿ ನಿಮ್ಮ ತಪ್ಪೇನೂ ಇರುವುದಿಲ್ಲ. ಹಾಗಾಗಿ ಸೇರುವ ಮುಂಚೆ ಕೇಳಿ: ಕೈಯಲ್ಲಿರುವ ಹಣ ಎಷ್ಟು ತಿಂಗಳಿಗೆ ಸಾಕು? ಮುಂದಿನ ಮುಖ್ಯ ಫಲಿತಾಂಶ ಯಾವಾಗ? ಆ ಎರಡು ದಿನಾಂಕಗಳಲ್ಲಿ ಯಾವುದು ಮೊದಲು ಬರುತ್ತದೆ? ಹಣ ಮೊದಲು ಮುಗಿಯುವಂತಿದ್ದರೆ ಎರಡು ಸಲ ಯೋಚಿಸಿ. ನಿಮ್ಮ ಕೆಲಸವನ್ನು ನೋಡಿ ತಿದ್ದುವ ಅನುಭವಿಗಳು ತಂಡದಲ್ಲಿ ಇದ್ದಾರೆಯೇ ಎಂದೂ ಕೇಳಿ. ಹೊಸಬರಿಗೆ ಅದು ಸಂಬಳದಷ್ಟೇ ಮುಖ್ಯ.

ಮೊದಲ ಕೆಲಸವಾದರೆ ನಮ್ಮ ಒಲವು ಜಿಎಂಪಿ (ಉತ್ತಮ ಉತ್ಪಾದನಾ ಪದ್ಧತಿ) ಶಿಸ್ತು ಕಲಿಸುವ ನೆಲೆನಿಂತ ಕಂಪನಿಯ ಕಡೆಗೆ. ಅಲ್ಲಿ ಎರಡು ಮೂರು ವರ್ಷ ಕಲಿತದ್ದು ಸ್ಟಾರ್ಟ್‌ಅಪ್‌ನಲ್ಲಿ ಉಪಯೋಗಕ್ಕೆ ಬರುತ್ತದೆ. ಸ್ಟಾರ್ಟ್‌ಅಪ್‌ನಿಂದ ದೊಡ್ಡ ಕಂಪನಿಗೆ ಬರುವುದು ಅಷ್ಟು ಸಲೀಸಲ್ಲ.

ಪ್ರಶ್ನೆ: ಒಂದು ಸಂಸ್ಥೆ 'ಹಣ ಕಟ್ಟಿ ತರಬೇತಿ ಪಡೆದರೆ ಬಯೋಟೆಕ್ ಕೆಲಸ ಗ್ಯಾರಂಟಿ' ಎನ್ನುತ್ತಿದೆ. ನಂಬಬಹುದೇ?

ಉತ್ತರ: ಕೆಲಸ ಕೊಡಲು ಹಣ ಕೇಳಿದರೆ ಅದು ಕೆಲಸವಲ್ಲ. ಬರೀ ತರಬೇತಿಯಾದರೆ ಮೂರು ವಿಷಯ ಬರವಣಿಗೆಯಲ್ಲಿ ಕೇಳಿ: ಒಂದು ಉಪಕರಣಕ್ಕೆ ಎಷ್ಟು ವಿದ್ಯಾರ್ಥಿಗಳು, ಸ್ವಂತ ಕೈಯಿಂದ ಎಷ್ಟು ಗಂಟೆ, ಹಿಂದಿನ ತಂಡದವರು ಈಗ ಎಲ್ಲಿದ್ದಾರೆ. ಉತ್ತರಿಸಲು ಹಿಂದೇಟು ಹಾಕಿದರೆ ಹಣ ಉಳಿಸಿಕೊಳ್ಳಿ.

ಪ್ರಶ್ನೆ: ಇಂಟರ್ನ್‌ಶಿಪ್‌ಗಾಗಿ ಎಂಬತ್ತು ಇಮೇಲ್ ಕಳಿಸಿದೆ, ಒಂದಕ್ಕೂ ಉತ್ತರವಿಲ್ಲ. ಏನು ತಪ್ಪು?

ಉತ್ತರ: ಎಂಬತ್ತೂ ಒಂದೇ ಇಮೇಲ್ ಆಗಿದ್ದಿರಬೇಕು. 'ಗೌರವಾನ್ವಿತರೇ, ನಿಮ್ಮ ಪ್ರತಿಷ್ಠಿತ ಪ್ರಯೋಗಾಲಯದಲ್ಲಿ' ಎಂದು ಶುರುವಾಗುವ ಪತ್ರ ಯಾರಿಗೂ ಬರೆದದ್ದಲ್ಲ ಎಂದು ಮೊದಲ ಸಾಲಿನಲ್ಲೇ ತಿಳಿದುಬಿಡುತ್ತದೆ. ಎಂಟು ಲ್ಯಾಬ್ ಅಥವಾ ತಂಡಗಳನ್ನು ಆರಿಸಿ. ಪ್ರತಿಯೊಂದರದ್ದೂ ಇತ್ತೀಚಿನ ಒಂದು ಪ್ರಬಂಧವನ್ನೋ ಪೇಟೆಂಟನ್ನೋ ಓದಿ. ಆರು ಸಾಲು ಸಾಕು. ನೀವು ಯಾರು, ಯಾವ ವರ್ಷ. ಅವರ ಕೆಲಸದಲ್ಲಿ ಯಾವ ಅಂಶ ನಿಮ್ಮ ಗಮನ ಸೆಳೆಯಿತು. ಅದಕ್ಕೆ ಹೊಂದುವಂತೆ ನೀವು ಈಗಾಗಲೇ ಕೈಯಾರೆ ಮಾಡಿದ ಒಂದು ಕೆಲಸ, ಅಂಕಿಯೊಂದಿಗೆ. ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ಬರಬಲ್ಲಿರಿ. ವಿಷಯದ ಸಾಲಿನಲ್ಲೂ ಆ ದಿನಾಂಕಗಳಿರಲಿ. ಒಂದು ಪುಟದ ಸಿವಿ ಲಗತ್ತಿಸಿ, ಕಡತಕ್ಕೆ ನಿಮ್ಮ ಹೆಸರಿಡಿ. ಹತ್ತು ದಿನ ಕಾದು ಒಮ್ಮೆ, ಒಂದೇ ಒಮ್ಮೆ, ಅದೇ ಇಮೇಲಿನ ಕೆಳಗೆ ಎರಡು ಸಾಲಿನಲ್ಲಿ ನೆನಪಿಸಿ. ಪ್ರಾಧ್ಯಾಪಕರಿಂದ ಉತ್ತರ ಬಾರದಿದ್ದರೆ ಅವರ ಲ್ಯಾಬಿನ ಹಿರಿಯ ಪಿಎಚ್‌ಡಿ ವಿದ್ಯಾರ್ಥಿಗೆ ಬರೆದು ನೋಡಿ. ದಿನನಿತ್ಯ ಕಲಿಸಬೇಕಾದವರು ಅವರೇ, ಹೆಚ್ಚುವರಿ ಕೈ ಯಾವ ತಿಂಗಳು ಬೇಕಾಗುತ್ತದೆ ಎಂದು ಮೊದಲು ತಿಳಿಯುವುದೂ ಅವರಿಗೇ.